ದೊಡ್ಡ ನಂಬರಿನ ಪೆಟ್ಟಿಗೆ

ಅಮ್ಮ ಕೆಂಚಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡ ಮೇಲೆ, ನಾನು ರಾಮಗಿರಿಯಿಂದ ಹೊಳಲ್ಕೆರೆಗೆ ದಿನಾ ಹೋಗಿ ಬರುವುದು ನಿಂತುಹೋಯಿತು. ಅಲ್ಲಿ ಹರೀಶಣ್ಣನ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಮೌಸ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವರು ಅವರೇ.

"ಮನೇಲೇ ಒಂದು ಕಂಪ್ಯೂಟರ್ ಇಟ್ಕ ನೇತ್ರಾ, ಕೆಲಸ ಅಲ್ಲಿಗೇ ಕಳಿಸ್ತೀನಿ. ಆದ್ರೆ ಮದುವೆಯೋರು ಕಾಯಲ್ಲ. ನಿನ್ನ ಮಿಷನ್ ನಿಧಾನ ಆದ್ರೆ ನಾನು ದಾವಣಗೆರೆಯೋರಿಗೆ ಕೊಡಬೇಕಾಗ್ತದೆ" ಅಂದಿದ್ದರು.

ಅಣ್ಣ ಜುಂಜೇಶ್ ಮರುಮಾತಾಡದೆ ಎರಡು ಟಗರು ಮಾರಿ, ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಳಲ್ಕೆರೆಗೆ ಹೊರಟ. ಅವನ ಪರಿಚಯದ ದಯಾನಂದ ಅವರದು ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ. ಅವರ ತಂದೆ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿದವರು.

ಮೇಜಿನ ಮೇಲೆ ಎರಡು ಪೆಟ್ಟಿಗೆ ಇದ್ದವು. ಒಂದಕ್ಕೆ ಗಾಜಿನ ಮೈ, ಒಳಗೆ ಕೆಂಪು ನೀಲಿ ದೀಪ, ಚೀಟಿಯಲ್ಲಿ ವೇಗ 4.2 ಗಿಗಾಹರ್ಟ್ಸ್ ಎಂದಿತ್ತು. ಇನ್ನೊಂದು ಬರೀ ಕರಿ ಡಬ್ಬಿ, 2.9, ಬೆಲೆಯೂ ಕಡಿಮೆ.

"ಯಾವ ನಂಬರ್ ದೊಡ್ಡದು?" ಎಂದ ಅಣ್ಣ.

"ನಂಬರ್ ದೊಡ್ಡದು ಗಾಜಿಂದೇ. ಆದ್ರೆ ಜುಂಜಣ್ಣ..."

"ನನ್ನ ತಂಗಿಗೆ ಕಮ್ಮೀದು ಬ್ಯಾಡ" ಎಂದವನೇ ಹೆಗಲ ಟವೆಲ್ ತೆಗೆದು ದಯಾನಂದರ ಕೈ ಮೇಲೆ ಹಾಕಿಬಿಟ್ಟ. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಸುಕಿ ತಿಳಿಸುತ್ತಾರೆ. ದಯಾನಂದರ ಬೆರಳುಗಳೂ ಹಳೇ ರೂಢಿಗೆ ತಾವಾಗಿಯೇ ಉತ್ತರ ಕೊಟ್ಟವು. ಇಬ್ಬರೂ ತಲೆ ಆಡಿಸಿದರು. ವ್ಯಾಪಾರ ಮುಗಿಯಿತು.

ಆಮೇಲೆ ತಾವು ಮಾಡಿದ್ದು ನೆನೆದು ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಸ್ಟುಡಿಯೋದಲ್ಲಿ ದೊಡ್ಡ ನಂಬರಿನ ಒಂದು ಹಳೇ ಮಿಷನ್ ಇತ್ತು. ಉದ್ದದ ವಿಡಿಯೋ ಕೊಟ್ಟರೆ ಅದು ಅರ್ಧ ದಾರಿಯಲ್ಲಿ ಮಂಕಾಗುವುದನ್ನು, ಪಕ್ಕದ ಸಣ್ಣ ನಂಬರಿನ ಹೊಸದು ಸದ್ದಿಲ್ಲದೆ ಮುಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾರಣ ಮಾತ್ರ ಗೊತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಕೊಟ್ಟ ಮಾತನ್ನು ನಮ್ಮ ಹಟ್ಟಿಯಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನನಗಾಗಿ ಟಗರು ಮಾರಿದವನಿಗೆ ತಪ್ಪು ಮಾಡಿದೆ ಎನ್ನುವುದಾದರೂ ಹೇಗೆ? ಸುಮ್ಮನಿದ್ದರೆ ನನ್ನ ಕೆಲಸ ದಾವಣಗೆರೆಗೆ ಹೋಗುತ್ತದೆ.

ಮೇಜಿನ ಅಂಚು ನೋಡುತ್ತಾ ಹೇಳಿದೆ: "ಅಣ್ಣ, ಟಗರಾಗಿದ್ರೆ ನೀನು ನಡೆಸಿ ನೋಡ್ತಿದ್ದೆ ಅಲ್ವಾ?"

ಅಣ್ಣ ತಿರುಗಿ ನೋಡಿದ. ದಯಾನಂದರೇ ನನ್ನ ನೆರವಿಗೆ ಬಂದರು ಅನ್ನಬೇಕು. "ತಂಗಮ್ಮ ಹೇಳೋದು ನ್ಯಾಯ ಐತೆ ಜುಂಜಣ್ಣ. ಹಗ್ಗ ಇನ್ನೂ ನನ್ನ ಕೈಯಾಗೇ ಐತೆ." ಬೆಲೆ ಕುದುರಿದರೂ ಟಗರಿನ ಹಗ್ಗ ಕೈ ಬದಲಾಗುವ ತನಕ ಅದನ್ನು ನಡೆಸಿ, ಹಲ್ಲು ನೋಡಿ ಬೇಡ ಎನ್ನಬಹುದು; ಅದಕ್ಕೆ ಮಾತು ತಪ್ಪಿದ ಅಂತ ಯಾರೂ ಅನ್ನುವುದಿಲ್ಲ.

ನನ್ನ ಪೆನ್‌ಡ್ರೈವಿನಲ್ಲಿ ಹೊಸದುರ್ಗದ ಒಂದು ಮದುವೆಯ ಧಾರೆಯ ಭಾಗವಿತ್ತು. ಎರಡಕ್ಕೂ ಅದೇ ವಿಡಿಯೋ, ಅದೇ ಸಾಫ್ಟ್‌ವೇರ್ ಹಾಕಿಕೊಟ್ಟು ದಯಾನಂದ "ಕುಂತ್ಕಳ್ರಿ" ಎಂದು ಟೀ ಹೇಳಿದರು. ಒಂದೆರಡು ಫೋಟೋ ತೆರೆಯುವಾಗ ಎರಡೂ ಒಂದೇ ಥರ ಕಂಡವು. ಉದ್ದದ ವಿಡಿಯೋ ಸಿದ್ಧಪಡಿಸಲು ಬಿಟ್ಟ ಮೇಲೆ ಕರಿ ಡಬ್ಬಿ ಮುಂದೆ ಹೋಯಿತು.

"ಸಣ್ಣ ನಂಬರಿಂದು ಹೆಂಗಪ್ಪ ಮುಂದೆ ಹೋತು?" ಎಂದ ಅಣ್ಣ.

"ನಂಬರು ಒಂದು ನಾಯಿ ಎಷ್ಟು ಬಿರುಸಾಗಿ ಕಾಲು ಎತ್ತಿ ಹಾಕ್ತದೆ ಅಂತ ಹೇಳ್ತದೆ, ಅಷ್ಟೇ. ಒಂದು ನೆಗೆತಕ್ಕೆ ಎಷ್ಟು ದೂರ ಹೋಗ್ತದೆ, ಹಿಂಡಿಗೆ ಎಷ್ಟು ನಾಯಿ ಅವೆ ಅಂತ ಹೇಳಲ್ಲ. ಗಾಜಿಂದರಾಗೆ ಹಳೇ ಪ್ರೊಸೆಸರ್, ನಾಕೇ ಕೋರು, ಅಂದ್ರೆ ನಾಕೇ ನಾಯಿ. ಕರೀದು ಹೊಸ ತಳಿ, ಹತ್ತು ಕೋರು. ನಿನ್ನ ತಂಗಿ ಕೆಲಸ ಹಿಂಡು ಹೊಡೆಯೋ ಕೆಲಸ."

"ಮತ್ತೆ ಅದಕ್ಕೆ ರೇಟು ಯಾಕೆ ಜಾಸ್ತಿ?"

"ಗಾಜಿಗೆ, ಲೈಟಿಗೆ."

"ಮೊದ್ಲೇ ಬೊಗಳಾಕೆ ಏನಾಗಿತ್ತಲೇ ನಿಂಗೆ?"

"ಬಿಟ್ಟೆಯೇನಪ್ಪ? ನಾನು ಬಾಯಿ ತೆಗೆಯೋದ್ರಾಗೆ ನೀನು ಟವೆಲ್ ಹಾಕಿದ್ದೆ."

ಅಣ್ಣ ಎದ್ದು ಹೋಗಿ ಗಾಜಿನ ಪೆಟ್ಟಿಗೆಯ ಹಿಂಭಾಗಕ್ಕೆ ಅಂಗೈ ಇಟ್ಟ, ಜ್ವರ ಬಂದ ಕುರಿಯ ಕಿವಿ ಮುಟ್ಟುವ ಹಾಗೆ. ಫ್ಯಾನು ಗೊರಗೊರ ಅನ್ನುತ್ತಿತ್ತು. "ಮೈ ಸುಡ್ತೈತೆ. ಏದುಸಿರು ಬಿಡ್ತಾ ಐತೆ" ಎಂದ.

"ಕಾದ್ರೆ ತಾನೇ ಓಟ ಕಮ್ಮಿ ಮಾಡ್ಕಂತದೆ. ಆಗ ಚೀಟಿ ಮೇಲಿನ ನಂಬರೂ ಇರಲ್ಲ" ಎಂದರು ದಯಾನಂದ.

ಕರಿ ಡಬ್ಬಿ ಮುಗಿಸಿದಾಗ ಗಾಜಿನದು ಇನ್ನೂ ಅರ್ಧ ದಾಟಿರಲಿಲ್ಲ. ಅಣ್ಣ ನನ್ನ ಕಡೆ ನೋಡಿ, "ನಿಂಗೆ ಗೊತ್ತಿತ್ತೇನೇ?" ಎಂದ.

"ಅನುಮಾನ ಇತ್ತು."

"ಬಾಯಿ ಬಿಡಾಕೆ ನಿಂಗೆ ಟಗರು ಬೇಕಾತು ನೋಡು" ಎಂದು ನಕ್ಕ. ಕೋಪವಿರಲಿಲ್ಲ. ಕಡಿಮೆ ಬೆಲೆಯದ್ದಕ್ಕೆ ತಾನೇ ಮನಸ್ಸು ಒಗ್ಗಿಸಿಕೊಂಡು ಕರಿ ಡಬ್ಬಿಯನ್ನೇ ಕೊಂಡ. ಮಿಕ್ಕ ಹಣದಲ್ಲಿ ಕರೆಂಟು ಹೋದರೂ ನಡೆಯಲೆಂದು ಯುಪಿಎಸ್ ಕೊಡಿಸಿದ. ಹೆಚ್ಚು ಲಾಭದ ಪೆಟ್ಟಿಗೆ ಕೈಯಲ್ಲೇ ಉಳಿದರೂ ದಯಾನಂದ ಮುಖ ಸಣ್ಣ ಮಾಡಲಿಲ್ಲ. ಕರಿ ಡಬ್ಬಿಯನ್ನು ತಾವೇ ಆಟೋಗೆ ಹೊತ್ತು ಇಟ್ಟರು. ನಾನು ಇಬ್ಬರಿಗೂ ಕೈ ಮುಗಿದೆ.

ಮಾರನೇ ವಾರ ಹರೀಶಣ್ಣ ಮೊದಲ ಮದುವೆ ಕಳಿಸಿದರು. ಜೋಡಿಸುವುದು ಮುಗಿಸಿ, ಸಿದ್ಧವಾಗಲು ಬಿಟ್ಟು, ಅಮ್ಮನಿಗೆ ಮೈ ಒರೆಸಿ, ಊಟ ಮಾಡಿಸಿ ಬರುವಷ್ಟರಲ್ಲಿ ವಿಡಿಯೋ ತಯಾರಾಗಿತ್ತು. ಕಳಿಸಿದೆ. "ಇನ್ನೆರಡು ಮದುವೆ ಐತೆ, ಮಾಡ್ತೀಯಾ?" ಎಂದು ಹರೀಶಣ್ಣನ ಮೆಸೇಜು ಬಂತು.

ಅಮ್ಮ ಮಲಗಿದಲ್ಲಿಂದಲೇ ತನಗೂ ತೋರಿಸು ಎಂದಳು. ಪರದೆಯನ್ನು ಅವಳ ಕಡೆ ತಿರುಗಿಸಿದೆ. ಗುರುತಿಲ್ಲದವರ ಮದುವೆಯನ್ನು ಮೊದಲಿಂದ ಕೊನೆವರೆಗೆ ನೋಡಿ, "ಹುಡುಗಿ ಚೆನ್ನಾಗವಳೆ. ಬೀಗಿತಿ ಮಾತ್ರ ಒಂದು ಸಲಾನೂ ನಗಲಿಲ್ಲ ನೋಡು" ಎಂದಳು.

ನಾನು ಹರೀಶಣ್ಣನಿಗೆ "ಕಳಿಸಿ" ಎಂದು ಬರೆದೆ.