ಒಂಬತ್ತನೇ ನಂಬರ್ ಮನೆಯ ಅಂತ್ಯಕ್ರಿಯೆ

ಮೆಂಫಿಸ್‌ನ ಕರಿಯರ ಕೇರಿಯ ಆ ಮನೆ ಕೆಡವುವ ಪರವಾನಗಿ ಅಂದು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಪಾರಂಪರಿಕ ಕಟ್ಟಡವೆಂದು ಉಳಿಸಿಕೊಳ್ಳುವ ಅರ್ಜಿಯ ವಿಚಾರಣೆ ಮರುದಿನ ಬೆಳಿಗ್ಗೆ. ಅಲ್ಲಿಯವರೆಗೆ ಮನೆ ನಿಂತಿರಬೇಕಿತ್ತು, ಅಷ್ಟೆ. ಅರ್ಜಿ ಹಾಕಿದ್ದ ಎಪ್ಪತ್ತಾರರ ವರ್ನೀಟಾ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಗೇ ಅಂತ್ಯಕ್ರಿಯೆ ಇಟ್ಟುಬಿಟ್ಟಳು.

ಮಧ್ಯಾಹ್ನ ಬುಲ್‌ಡೋಜರ್ ತಂದ ಮೇಸ್ತ್ರಿ ಕ್ಲೀಟಸ್ ಬೆಚ್ಚಿಬಿದ್ದ. ಅಂಗಳದ ತುಂಬ ಕಪ್ಪು ಬಟ್ಟೆ, ಕೊಡೆಯಷ್ಟಗಲದ ಹ್ಯಾಟ್‌ಗಳ ನಲವತ್ತು ಹೆಂಗಸರು, ಬೆವರೊರೆಸಿಕೊಳ್ಳುತ್ತ ಪಾದ್ರಿ.

"ಯಾರು ಹೋದ್ರು ಆಂಟಿ?"

"ಮನೆ."

"ಮನೇಲಿ ಯಾರು ಅಂತ?"

"ಮನೇನೇ ಕಣೋ! ನೂರಾ ಎರಡು ವರ್ಷ ಆಗಿತ್ತು. ಹೆಲ್ಮೆಟ್ ತೆಗೆದು ಕೂತ್ಕೋ."

ಕ್ಲೀಟಸ್ ಬ್ಯಾಪ್ಟಿಸ್ಟ್ ಪಂಥದ ಕಟ್ಟಾ ದೈವಭಕ್ತೆ ಅಜ್ಜಿಯ ಕೈಯಲ್ಲಿ ಬೆಳೆದವನು. ಪ್ರಾರ್ಥನೆಯ ನಡುವೆ ಇಂಜಿನ್ ಚಾಲೂ ಮಾಡಿದರೆ ಅಜ್ಜಿ ಗೋರಿಯಿಂದಲೇ ಕಿವಿ ಹಿಂಡುತ್ತಾಳೆ. ತೆಪ್ಪಗೆ ಕೂತ.

ಪಾದ್ರಿ ಎರಡು ಗಂಟೆಯವರೆಗೆ ಬೋಧಿಸಿದರು. ಆಮೇಲೆ ಒಬ್ಬೊಬ್ಬರಾಗಿ ಮೃತರ ಗುಣಗಾನ ಶುರುವಾಯಿತು. ತಲಾ ಎರಡೇ ನಿಮಿಷ ಎಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚುಹಾಕಿಸಿದ್ದರು; ಮೆಂಫಿಸ್‌ನಲ್ಲಿ ಅದನ್ನು ಯಾರು ಕೇಳುತ್ತಾರೆ? "ಪಾಪ, ಯಾರಿಗೂ ಕೆಟ್ಟದ್ದು ಬಯಸಿದ ಜೀವ ಅಲ್ಲ," ಎಂದು ಒಬ್ಬಾಕೆ ಗೋಡೆ ಸವರಿ ಗೋಳಾಡಿದಳು. ಇನ್ನೊಬ್ಬಾಕೆ ಎರಡು ಸಲ ಮೂರ್ಛೆ ಹೋದಳು, ಎರಡು ಸಲವೂ ಮೆತ್ತೆಯ ಮೇಲೆಯೇ.

ನಾಲ್ಕಕ್ಕೆ ಮಾತಾಡುವವರು ಮುಗಿದರು. ಪಾದ್ರಿಯ ಗಂಟಲೂ ಕಟ್ಟಿತ್ತು. ಸಾಲಿನ ಉಳಿದ ಮನೆಗಳೆಲ್ಲ ಒಂದೇ ವಸಂತದಲ್ಲಿ ನೆಲಸಮವಾಗಿದ್ದವು. ಆಸ್ಪತ್ರೆ ಕರಿಯರನ್ನು ಒಳಗೆ ಬಿಡದ ಕಾಲದಲ್ಲಿ ಸೂಲಗಿತ್ತಿಯಾಗಿದ್ದ ವರ್ನೀಟಾಳ ಅಜ್ಜಿ ಅರ್ಧ ಕೇರಿಯನ್ನು ಭೂಮಿಗೆ ತಂದ ಮನೆ ಇದೊಂದೇ ಉಳಿದಿತ್ತು. ಕ್ಲೀಟಸ್ ಗಡಿಯಾರ ನೋಡಿ ಎದ್ದುನಿಂತ.

"ನಂದೂ ಎರಡು ಮಾತಿದೆ," ಎಂದ ಅವನು. "ನಮ್ಮಮ್ಮ ಹುಟ್ಟಿದ್ದು ಈ ಮುಂದಿನ ಕೋಣೇಲಿ."

ಅಮ್ಮನ ಹುಟ್ಟಿನಿಂದ ಹಿಡಿದು ಅವಳ ಶಾಲೆ, ಮೊದಲ ಗಂಡ, ಎರಡನೇ ಗಂಡ, ಮಂಡಿನೋವು, ಮಂಡಿನೋವಿನ ಮೂವರು ಡಾಕ್ಟರು, ಯಾವುದನ್ನೂ ಬಿಡಲಿಲ್ಲ. ನಡುವೆ ಧಣಿಯ ಫೋನ್ ಬಂತು. "ಸಾರ್, ಹೆಣದ ಮುಂದೆ ಇದೀನಿ," ಎಂದು ಕರೆ ಕತ್ತರಿಸಿದ. ಕೂರುವಾಗ ಐದೂ ಹತ್ತು.

"ಅಯ್ಯಯ್ಯೋ, ಟೈಮ್ ಮೀರೋಯ್ತಲ್ಲ!" ಎಂದ, ಮಗುವೂ ನಂಬದ ದನಿಯಲ್ಲಿ. "ಇನ್ನು ಮಣ್ಣು ಮಾಡೋದು ಹೆಂಗೆ ಆಂಟಿ?"

ವರ್ನೀಟಾಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಮಣ್ಣು ಯಾಕಪ್ಪಾ? ಎದ್ದು ನಿಂತಿದೆ, ಕಾಣಲ್ವಾ? ನಮ್ಮ ಯೇಸುಗೆ ಸತ್ತು ಏಳೋಕೆ ಮೂರು ದಿನ ಬೇಕಾಯ್ತು. ಇದಕ್ಕೆ ನಾಳೆ ಬೆಳಿಗ್ಗೆ ಕಚೇರೀಲಿ ಕೆಲಸ ಇದೆ."