ಹೊಟ್ಟೆ ಇಳಿಸಿದ ಟೇಪು

ನನಗೆ ಸಕ್ಕರೆ ಕಾಯಿಲೆಯಿದೆ, ಹೊಟ್ಟೆಯೂ ಇದೆ. ಎರಡಕ್ಕೂ ಒಂದೇ ಮದ್ದಾಗಬಹುದೆಂದು ಆಸ್ಪತ್ರೆಯವರು ಹಾರ್ಮೋನಿನ ಹೊಸ ಇಂಜೆಕ್ಷನ್ನಿನ ಪರೀಕ್ಷೆಗೆ ಜನರನ್ನು ಹುಡುಕುತ್ತಿದ್ದಾಗ ಮೊದಲು ಕೈ ಎತ್ತಿದವನು ನಾನೇ. ಮಗಳ ಮದುವೆಯಲ್ಲಿ ಹೊಸ ಕೋಟಿನ ಗುಂಡಿ ಹಾಕಿಕೊಂಡು ನಿಲ್ಲಬೇಕೆಂಬ ಆಸೆ. ಊರಿಗೆಲ್ಲ ಕೋಟು ಹೊಲಿಯುವ ದರ್ಜಿ ತನ್ನ ಕೋಟಿನ ಗುಂಡಿಯನ್ನೇ ಬಿಚ್ಚಿಕೊಂಡು ನಿಂತರೆ ಮರ್ಯಾದೆ ಉಳಿಯುತ್ತದೆಯೇ?

"ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ನೀರು. ಯಾರಿಗೆ ಯಾವ್ದು ಅಂತ ನಮಗೂ ಗೊತ್ತಿರಲ್ಲ" ಎಂದರು ನರ್ಸಮ್ಮ.

ನನಗೆ ಗೊತ್ತಿತ್ತು. ಮೊದಲ ಸೂಜಿಗೇ ಹಸಿವು ಸತ್ತಿತ್ತು. ಊಟಕ್ಕೆ ಕೂರುತ್ತಿದ್ದುದು ಹೆಂಡತಿ ನೊಂದುಕೊಳ್ಳಬಾರದೆಂದು. ಎರಡನೇ ಸಲ ಬಡಿಸಿಕೊಳ್ಳುತ್ತಿದ್ದುದೂ ಅದಕ್ಕೇ.

ದಿನಾ ಬೆಳಿಗ್ಗೆ ಅಂಗಡಿಯ ಟೇಪನ್ನು ಹೊಟ್ಟೆಗೆ ಸುತ್ತಿ, ಉಸಿರು ಬಿಗಿಹಿಡಿದು, ಕೈಲಾದಷ್ಟು ಎಳೆದು ನೋಡುತ್ತಿದ್ದೆ. ಅಳತೆ ಇಳಿಯುತ್ತಲೇ ಇತ್ತು. ಆಸ್ಪತ್ರೆಯ ತೂಕದ ಮಿಷನ್ ಮಾತ್ರ ಒಪ್ಪಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮಿಷನ್ ರಿಪೇರಿ ಮಾಡಿಸಿ ಎಂದು ಹೇಳಿ ಬಂದೆ.

ಅಷ್ಟರಲ್ಲಿ ಗಿರಾಕಿಗಳಿಗೆ ನಮ್ಮ ಬಟ್ಟೆ ಬಿಗಿಯಾಗತೊಡಗಿತು. ನಮ್ಮಲ್ಲಿ ಟೇಪು ಹಿಡಿದು ಅಳತೆ ತೆಗೆಯುವವನು ನಾನು. ಆ ಅಂಕಿ ಕೇಳಿಕೊಂಡು, ಮೇಜಿಗೆ ಹೊಡೆದ ಕಬ್ಬಿಣದ ಸ್ಕೇಲಿನ ಪ್ರಕಾರ ಕತ್ತರಿಸುವವಳು ಹೆಂಡತಿ. ಮದುವೆಯ ಹಿಂದಿನ ದಿನ ಮೇಷ್ಟ್ರೊಬ್ಬರು ಗುಂಡಿ ಹತ್ತದ ಕೋಟು ಹಿಡಿದು ಬಂದರು.

"ಊಟ ಕಮ್ಮಿ ಮಾಡಿ ಮೇಷ್ಟ್ರೇ. ಇಲ್ಲಾಂದ್ರೆ ನನ್ನ ಹಾಗೆ ಇಂಜೆಕ್ಷನ್ ತಗೊಳ್ಳಿ" ಎಂದೆ.

ಹೆಂಡತಿ ನನ್ನ ಕೊರಳಿನಿಂದ ಟೇಪು ತೆಗೆದು ಸ್ಕೇಲಿನ ಪಕ್ಕ ಹಾಸಿದಳು. ಸ್ಕೇಲಿನ ನಲವತ್ತು ಇಂಚು ಮುಗಿದು ಎರಡು ಬೆರಳು ಆಚೆ ಟೇಪಿನ ನಲವತ್ತು ಸಿಕ್ಕಿತು. ನನ್ನ ಹೊಟ್ಟೆ ಇಳಿದಿರಲಿಲ್ಲ. ಅದರ ಸುತ್ತ ಎಳೆದೂ ಎಳೆದೂ ಟೇಪೇ ಹಿಗ್ಗಿತ್ತು.

ಮೇಷ್ಟ್ರು ಕೋಟು ಬಿಟ್ಟು, ನಗುತ್ತ ಹೋದರು. ನನಗೆ ಅಳು ಬಂತು. ನನ್ನ ಕೋಟಿಗೂ ಅದೇ ಟೇಪಿನ ಅಳತೆ ಕೊಟ್ಟಿದ್ದೆ. ಬೇರೆ ಹೊಲಿಯಲು ಹೊತ್ತಿರಲಿಲ್ಲ.

"ಹಾಕ್ಕೊಂಡಾದ್ರೂ ನೋಡ್ರೀ" ಎಂದಳು.

ಹಾಕಿಕೊಂಡೆ. ಗುಂಡಿ ಸಲೀಸಾಗಿ ಕೂತಿತು.

"ನಾನು ಹೇಳಿದ ಅಳತೆಗೇ ಕತ್ತರಿಸಿದ್ಯಾ?"

"ಇಲ್ಲ. ಮದುವೆ ಆಸೇಲಿ ಸುಳ್ಳು ಹೇಳ್ತಿದೀರಿ ಅಂದ್ಕೊಂಡೆ." ಅವಳು ಆಗಲೇ ಮೇಷ್ಟ್ರ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. "ಇಷ್ಟು ವರ್ಷ ತಬ್ಕೊಂಡಿದೀನಿ. ನಿಮ್ಮ ಹೊಟ್ಟೆ ಅಳೆಯೋಕೆ ನಂಗೆ ಟೇಪು ಬೇಕಾ?"