ಏಳನೆಯ ಪುಟ

ಮದರಾಸಿನಿಂದ ಬಂದಿದ್ದ ಪ್ರೊಫೆಸರ್ ಚಿತ್ತರಂಜನರು ಇನ್ನೂ ಮೂರನೆಯ ಪುಟದಲ್ಲಿದ್ದರು. ಉರ್ಸುಲಾಳ ಜೀವ ಮಾತ್ರ ಏಳನೆಯ ಪುಟಕ್ಕೆ ಹೋಗಿ ಕುಳಿತಿತ್ತು.

ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಅತಿಥಿಗಳು ಭಾಷಣವನ್ನು ಮೊದಲೇ ಬರೆದು ಅಂಚೆಯಲ್ಲಿ ಕಳಿಸಬೇಕು. ವಿಭಾಗದವರು ಅದನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಬೆಂಚಿಗೆ ಎರಡರಂತೆ ಹಂಚಬೇಕು. ಅತಿಥಿಗಳೂ ಆ ಪ್ರತಿಯನ್ನೇ ನೋಡಿ ಓದುವುದು. ಅರುವತ್ತೊಂದರ ಡಿಸೆಂಬರಿನ ಈ ಭಾಷಣವನ್ನು ಟೈಪು ಮಾಡಿದವಳು ಉರ್ಸುಲಾ. ಆ ವರ್ಷವಷ್ಟೇ ಬಿ.ಎ. ಮುಗಿಸಿ, ಮಾರ್ಚ್‌ವರೆಗೆಂದು ಸೇರಿಕೊಂಡ ಟ್ಯೂಟರ್. ಆಮೇಲೆ ಅವಳನ್ನು ಉಳಿಸಿಕೊಳ್ಳುವುದೋ ಬಿಡುವುದೋ ವಿಭಾಗದ ಮುಖ್ಯಸ್ಥ ಝೇವಿಯರ್ ಸರ್ ಕೈಯಲ್ಲಿತ್ತು.

ಲಕೋಟೆ ಮದರಾಸಿನ ಮಳೆಯಲ್ಲಿ ನೆನೆದು ಬಂದಿತ್ತು. ಏಳನೆಯ ಹಾಳೆಯಲ್ಲಿ ಮೂರು ಸಾಲು ಹರಡಿ ನೀಲಿ ಕೆಸರಾಗಿದ್ದವು. ಕೇಳೋಣವೆಂದು ಝೇವಿಯರ್ ಸರ್ ಕೋಣೆಯವರೆಗೆ ಮೂರು ಸಲ ಹೋದಳು. ಮೂರು ಸಲವೂ ಬಾಗಿಲು ತಟ್ಟದೆ ಹಿಂದೆ ಬಂದಳು.

"ಎಂತ ಬಾಯಮ್ಮ, ಬಾಗಿಲಿಗೆ ಪ್ರದಕ್ಷಿಣೆಯಾ?" ಅಟೆಂಡರ್ ಬೂಬ ನಕ್ಕಿದ್ದ. "ಸ್ಟೆನ್ಸಿಲ್ ಬೇಗ ಕೊಡಿ ಮಾರಾಯ್ರೆ, ಮೆಷಿನಿಗೆ ಮಸಿ ಹಾಕಿ ಆಯ್ತು."

ಆ ಗಡಿಬಿಡಿಯಲ್ಲಿ, ಜಾಗ ಖಾಲಿ ಬಿಡಲೂ ಧೈರ್ಯವಾಗದೆ, ತನ್ನ ಡೈರಿಯ ಮೂರು ಸಾಲುಗಳನ್ನು ಅಲ್ಲಿ ಹೊಡೆದುಬಿಟ್ಟಿದ್ದಳು. ಭಾಷಣದ ವಿಷಯ ಕವಿತೆಯೊಳಗಿನ ಮೌನ. ಅವಳ ಡೈರಿಯಲ್ಲಿ ಮೌನಕ್ಕೇನೂ ಬರವಿರಲಿಲ್ಲ.

ಇಡೀ ಸಭೆ ಒಮ್ಮೆಗೇ ಹಾಳೆ ಮಗುಚಿತು. ನಾಲ್ಕು. ಐದು. ಬೆವರಿಗೆ ಅವಳ ಕೈಯ ಪ್ರತಿ ಮೆತ್ತಗಾಯಿತು. ಆರು. ಪ್ರೊಫೆಸರ್ ನೀರು ಕುಡಿಯಲು ನಿಲ್ಲಿಸಿದಾಗ, ದೇವರೇ, ಇಲ್ಲಿಗೇ ಮುಗಿಸಲಿ ಎಂದುಕೊಂಡಳು.

ಮತ್ತೆ ಹಾಳೆಗಳ ಸದ್ದು.

"ಇಗರ್ಜಿಯ ಹಾಡಿನಲ್ಲಿ ಕೊನೆಯ ಸಾಲಿನ ಹುಡುಗಿ ತುಟಿ ಮಾತ್ರ ಆಡಿಸುತ್ತಾಳೆ," ಎಂದು ಓದಿ ಪ್ರೊಫೆಸರ್ ತಡೆದರು. ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಇಗರ್ಜಿಯಲ್ಲಿ ಹಾಡಿದವನಲ್ಲವಲ್ಲ! ಇದನ್ನು ಟೈಪು ಮಾಡಿದ್ದು ಯಾರು?"

ಸಭೆ ಗೊಳ್ಳೆಂದಿತು. ಝೇವಿಯರ್ ಸರ್ ನಗಲಿಲ್ಲ. ಕುತ್ತಿಗೆ ತಿರುಗಿಸಿ ಹಿಂದೆ ನೋಡಿದರು. ಉರ್ಸುಲಾ ಎದ್ದು ನಿಂತಳು.

"ಶಾಯಿ ಹರಡಿತ್ತು ಸರ್. ಓದಲಿಕ್ಕೆ ಆಗಲಿಲ್ಲ."

"ಕೇಳಬಹುದಿತ್ತಲ್ಲ?" ಎಂದರು ಪ್ರೊಫೆಸರ್.

"ಕೇಳಲಿಕ್ಕೆ... ಹೆದರಿಕೆ ಆಯ್ತು."

"ನನ್ನ ಹೆಸರಲ್ಲಿ ಬರೆಯಲಿಕ್ಕೆ ಹೆದರಿಕೆ ಆಗಲಿಲ್ಲವೋ?" ಪ್ರೊಫೆಸರ್ ಮೈಕಿನಿಂದ ಪಕ್ಕಕ್ಕೆ ಸರಿದರು. "ಬೇರೆಯವರ ಮಾತನ್ನು ನಾನು ಓದುವುದಿಲ್ಲ. ಬನ್ನಿ, ನಿಮ್ಮದನ್ನು ನೀವೇ ಓದಿ."

ವೇದಿಕೆಯ ಮೆಟ್ಟಿಲು ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ. ಬಾಯಿ ತೆರೆದಳು, ಸ್ವರ ಹೊರಡಲಿಲ್ಲ.

"ಸ್ವಲ್ಪ ಜೋರು, ಬಾಯಮ್ಮ," ಬಾಗಿಲ ಹತ್ತಿರದಿಂದ ಬೂಬನ ಗಂಟಲು.

ಮತ್ತೆ ಓದಿದಳು. "ಹಾಡು ಮುಗಿದು ಎಲ್ಲರೂ ಮನೆಗೆ ಹೋಗುತ್ತಾರೆ. ಅವಳೊಳಗೆ ಅದು ಆಗ ಶುರುವಾಗುತ್ತದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲೂ ಇಲ್ಲ. ಪ್ರೊಫೆಸರ್ "ಹ್ಞೂಂ" ಎಂದು ಮುಂದಿನ ಸಾಲಿಗೆ ಹೋದರು.

ಸಭೆ ಮುಗಿದ ಮೇಲೆ ಜಗಲಿಯಲ್ಲಿ ಝೇವಿಯರ್ ಸರ್ ಕಾಯುತ್ತಿದ್ದರು.

"ಇದು ಸಣ್ಣ ತಪ್ಪಲ್ಲ, ಉರ್ಸುಲಾ."

"ಹೌದು ಸರ್."

"ಬಾಗಿಲು ಇರುವುದು ತಟ್ಟಲಿಕ್ಕೆ. ಬರುವ ಜುಲೈಯಲ್ಲಿ ಇನ್ನೊಬ್ಬರ ಭಾಷಣ ಉಂಟು. ಅವರ ಅಕ್ಷರ ಮಳೆ ಬೀಳದೆಯೇ ಹೀಗೆ. ಅರ್ಥ ಆಗದಿದ್ದರೆ ಬಂದು ಕೇಳು."

ತಲೆಯಾಡಿಸಿ ಹೊರಟಳು. ಮಣ್ಣಗುಡ್ಡದ ಮನೆಗೆ ಅರ್ಧ ದಾರಿ ನಡೆದಿದ್ದಳು. ರಸ್ತೆ ಬದಿಯಲ್ಲಿ ತಟ್ಟನೆ ನಿಂತಳು. ಖಾತ್ರಿಗೆಂದು ಬೆರಳು ಮಡಚಿ ಎಣಿಸಿದಳು: ಮಾರ್ಚ್, ಏಪ್ರಿಲ್, ಮೇ, ಜೂನ್...